ಜಗತ್ತಿನ ಅತಿದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿತು. ಬ್ಯಾಂಕಿನ ಬೀಗಕ್ಕೂ ಅದಕ್ಕೂ ಏನು ಸಂಬಂಧ?

2024ರ ಅಕ್ಟೋಬರ್ 21ರಂದು ಹೊಸದೊಂದು ಅವಿಭಾಜ್ಯ ಸಂಖ್ಯೆ ಪತ್ತೆಯಾದ ಸುದ್ದಿ ಬಂತು. ಅಮೆರಿಕದ ಸ್ಯಾನ್ ಹೋಸೆಯ ಲ್ಯೂಕ್ ಡ್ಯುರಾಂಟ್ ಅದನ್ನು ಕಂಡುಹಿಡಿದಿದ್ದರು. ಅದರಲ್ಲಿರುವುದು 4,10,24,320 ಅಂಕಿಗಳು. ಪುಟಕ್ಕೆ ಮೂರು ಸಾವಿರ ಅಂಕಿಯಂತೆ ಅಚ್ಚು ಹಾಕಿದರೂ ಹದಿಮೂರು ಸಾವಿರಕ್ಕೂ ಹೆಚ್ಚು ಪುಟ ಬೇಕು. ಅದಕ್ಕೂ ಮೊದಲಿನ ದಾಖಲೆ 2018ರದ್ದು, 2,48,62,048 ಅಂಕಿಗಳದ್ದು.

ಸುದ್ದಿ ಓದಿದವರಲ್ಲಿ ಹುಟ್ಟಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲವೆಂದು ಶಾಲೆಯಲ್ಲಿ ಕಲಿಸಿದ್ದರಲ್ಲ, ಹಾಗಾದರೆ 'ಅತಿದೊಡ್ಡದು' ಎಲ್ಲಿಂದ ಬಂತು? ಬ್ಯಾಂಕ್ ವ್ಯವಹಾರದ ಗುಟ್ಟು ಕಾಯುವುದು ದೊಡ್ಡ ಅವಿಭಾಜ್ಯಗಳೇ ಎನ್ನುತ್ತಾರೆ, ಹಾಗಾದರೆ ಇದರಿಂದ ಭದ್ರತೆ ಹೆಚ್ಚಿತೇ, ಕುಸಿಯಿತೇ? ಎರಡೂ ಅಲ್ಲದಿದ್ದರೆ ಇಷ್ಟೆಲ್ಲ ಕಂಪ್ಯೂಟರ್ ಓಡಿಸಿದ್ದು ಯಾತಕ್ಕೆ?

ಈ ಗೊಂದಲಕ್ಕೆಲ್ಲ ಬೇರು ಒಂದೇ. ಸಂಖ್ಯೆಯ ಗಾತ್ರವನ್ನೇ ಅದರ ಗುಣವೆಂದು ತಿಳಿದುಬಿಡುತ್ತೇವೆ. ಒಂದು ಸಂಖ್ಯೆಯ ಬಗ್ಗೆ ನಮಗೆ ಎಷ್ಟು ತಿಳಿಯಬಲ್ಲದು ಎಂಬುದು ಅದರ ಅಂಕಿಗಳ ಎಣಿಕೆಗಿಂತ ಅದು ಯಾವ ಬಳಗಕ್ಕೆ ಸೇರಿದ್ದು ಎಂಬುದನ್ನು ಅವಲಂಬಿಸಿರುತ್ತದೆ. 4.1 ಕೋಟಿ ಅಂಕಿಯ ಸಂಖ್ಯೆಯೊಂದನ್ನು ಅವಿಭಾಜ್ಯವೆಂದು ಖಚಿತವಾಗಿ ಹೇಳಬಹುದು. ಬರೀ 385 ಅಂಕಿಯ ಸಂಖ್ಯೆಯೊಂದರ ಮುಂದೆ ಜಗತ್ತಿನ ಗಣಿತಜ್ಞರೆಲ್ಲ ದಶಕಗಳಿಂದ ಕೈಚೆಲ್ಲಿ ಕೂತಿದ್ದಾರೆ. ಈ ಎರಡೂ ಹೇಗೆ ಏಕಕಾಲಕ್ಕೆ ನಿಜವಾಗುತ್ತವೆ ಎಂಬುದು ಅರ್ಥವಾದರೆ ಬ್ಯಾಂಕಿನ ಬೀಗದ ಮರ್ಮವೂ ಅರ್ಥವಾಗುತ್ತದೆ.

ಕೊನೆಯಿಲ್ಲದ ಸಾಲು

ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಅವಿಭಾಜ್ಯ ಸಂಖ್ಯೆ: 2, 3, 5, 7, 11 ಹೀಗೆ. ಭಾಗವಾಗುವಂಥದ್ದು ಸಂಯುಕ್ತ ಸಂಖ್ಯೆ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂಬುದಕ್ಕೆ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೇ ಸಾಧನೆ ಕೊಟ್ಟ. ನಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿದರೆ, ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅಂದಮೇಲೆ ಪಟ್ಟಿಯಲ್ಲಿಲ್ಲದ ಅವಿಭಾಜ್ಯವೊಂದು ಇರಲೇಬೇಕು.

ಹೀಗೆ ಬಂದ ಸಂಖ್ಯೆಯೇ ಅವಿಭಾಜ್ಯವಾಗಿರಬೇಕು ಎಂದು ಅನೇಕರು ತಪ್ಪು ತಿಳಿಯುತ್ತಾರೆ. 2, 3, 5, 7, 11, 13 ಇವನ್ನು ಗುಣಿಸಿ ಒಂದು ಕೂಡಿಸಿದರೆ 30,031. ಅದು 59 ಮತ್ತು 509ರ ಗುಣಲಬ್ಧ, ಅಂದರೆ ಸಂಯುಕ್ತ. ಆದರೆ 59 ಆಗಲಿ 509 ಆಗಲಿ ನಮ್ಮ ಪಟ್ಟಿಯಲ್ಲಿರಲಿಲ್ಲ. ಹೊಸ ಅವಿಭಾಜ್ಯ ಇದೆ ಎಂಬ ಭರವಸೆ ಯೂಕ್ಲಿಡನಿಂದ ಸಿಗುತ್ತದೆ. ಅದು ಯಾವುದು ಎಂಬುದನ್ನು ನಾವೇ ಹುಡುಕಬೇಕು. ಹಾಗಾಗಿ ಸುದ್ದಿಯ ಶೀರ್ಷಿಕೆಯಲ್ಲಿ 'ಅತಿದೊಡ್ಡ' ಎಂಬುದರ ಹಿಂದೆ 'ಈವರೆಗೆ ಗೊತ್ತಿರುವ' ಎಂಬ ಮಾತು ಸೇರಲೇಬೇಕಿತ್ತು.

13.6 ಕೋಟಿ ಒಂದುಗಳು

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳವರೆಗೆ ಹೆಸರು ಕೊಟ್ಟಿದ್ದಾನೆ. 'ಏಕ'ದಿಂದ ಶುರುವಾಗುವ ಆ ಸಾಲಿನ ಕೊನೆಯ ಹೆಸರು 'ಮಹಾಕ್ಷೋಭ'. ಹೊಸ ಸಂಖ್ಯೆಗೆ ಆ ದಾರಿಯಲ್ಲಿ ಹೆಸರಿಡಲು ಹೊರಟರೆ ನಾಲ್ಕು ಕೋಟಿಗೂ ಹೆಚ್ಚು ಹೆಸರು ಬೇಕು. ಆದರೂ ಅದನ್ನು ಒಂದೇ ಸಾಲಿನಲ್ಲಿ ಬರೆಯಬಹುದು: 2¹³⁶²⁷⁹⁸⁴¹ − 1. ಅಂದರೆ 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯುವುದು.

ಎರಡರ ಘಾತದಲ್ಲಿ ಒಂದು ಕಳೆದರೆ ಸಿಗುವ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಹದಿನೇಳನೆಯ ಶತಮಾನದ ಫ್ರಾನ್ಸಿನ ಪಾದ್ರಿ ಮರಾನ್ ಮರ್ಸೆನ್‌ನಿಂದ ಬಂದ ಹೆಸರದು. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಇರುವ ಬರಹದಲ್ಲಿ, ಇವುಗಳಲ್ಲಿ ಒಂದೂ ಸೊನ್ನೆ ಇರುವುದಿಲ್ಲ. 7 ಅಂದರೆ 111, 31 ಅಂದರೆ 11111. ಹೊಸ ಸಂಖ್ಯೆ ಅಂದರೆ ಸಾಲಾಗಿ ನಿಂತ 13.6 ಕೋಟಿ ಒಂದುಗಳು.

ಈ ರೂಪದಿಂದಲೇ ಮೊದಲ ಜರಡಿ ಸಿಗುತ್ತದೆ. ಘಾತಾಂಕವೇ, ಅಂದರೆ ಗುಣಿಸಿದ ಎರಡುಗಳ ಎಣಿಕೆಯೇ, ಸಂಯುಕ್ತವಾಗಿದ್ದರೆ ಮರ್ಸೆನ್ ಸಂಖ್ಯೆಯೂ ಸಂಯುಕ್ತ. ಆರು ಒಂದುಗಳ ಸಾಲನ್ನು ಮೂರು ಮೂರರಂತೆ ಎರಡು ಗುಂಪಾಗಿ ಮುರಿಯಬಹುದು. ಆದ್ದರಿಂದಲೇ 63 ಎಂಬುದು 7ರಿಂದ ಭಾಗವಾಗುತ್ತದೆ. ಹಾಗಾಗಿ ಘಾತಾಂಕ ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟೇ ಸಾಲದು. 11 ಅವಿಭಾಜ್ಯ ಸಂಖ್ಯೆಯೇ, ಆದರೂ 2¹¹ − 1 ಅಂದರೆ 2047. ಅದು 23 ಮತ್ತು 89ರ ಗುಣಲಬ್ಧ.

ಎಲ್ಲಿ ಹೌದು, ಎಲ್ಲಿ ಅಲ್ಲ ಎಂದು ಹೇಳಲು ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟ. 257ರವರೆಗಿನ ಘಾತಾಂಕಗಳಲ್ಲಿ ಹನ್ನೊಂದು ಮಾತ್ರ ಅವಿಭಾಜ್ಯ ಕೊಡುತ್ತವೆ ಎಂದ. ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು: 67 ಮತ್ತು 257 ಸೇರಬಾರದಿತ್ತು, 61, 89 ಮತ್ತು 107 ಬಿಟ್ಟುಹೋಗಿದ್ದವು. ಅಷ್ಟನ್ನು ತಿದ್ದಿ ಮುಗಿಸಲು ಮನುಷ್ಯರಿಗೆ ಹತ್ತಿರಹತ್ತಿರ ಮುನ್ನೂರು ವರ್ಷ ಹಿಡಿಯಿತು.

ಒಡೆಯದೆಯೇ ತಿಳಿಯುವ ಪರೀಕ್ಷೆ

ಈ ಸಂಖ್ಯೆ ಅವಿಭಾಜ್ಯವೆಂದು ತಿಳಿದದ್ದು ಹೇಗೆ? ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುತ್ತ ಹೋದರೆ ಯಾವ ಯಂತ್ರಕ್ಕೂ ಯಾವ ಕಾಲಕ್ಕೂ ಮುಗಿಯುವ ಕೆಲಸವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಕಂಡುಕೊಂಡ, 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಸರಳಗೊಳಿಸಿದ ಪರೀಕ್ಷೆಯೊಂದು ಇದಕ್ಕಿದೆ. ಹೈಸ್ಕೂಲಿನ ಗಣಿತ ಬಲ್ಲವರೂ ಕಾಗದ ಪೆನ್ನು ಹಿಡಿದು ಮಾಡಿ ನೋಡಬಹುದಾದಷ್ಟು ನೇರವಾದದ್ದು ಅದು.

4ರಿಂದ ಶುರು ಮಾಡಿ. ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ 2 ಕಳೆಯಿರಿ. ಬಂದದ್ದನ್ನು ಪರೀಕ್ಷೆಗೆ ಕೂತ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ.

31ನ್ನು ನೋಡೋಣ. ಅದು 2⁵ − 1, ಆದ್ದರಿಂದ ಮೂರು ಹೆಜ್ಜೆ. 4ರ ವರ್ಗದಲ್ಲಿ 2 ಕಳೆದರೆ 14. 14ರ ವರ್ಗ 196, 2 ಕಳೆದರೆ 194, 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, 2 ಕಳೆದರೆ 62, ಶೇಷ ಸೊನ್ನೆ. 31 ಅವಿಭಾಜ್ಯ.

ಈಗ 2047. ಒಂಬತ್ತು ಹೆಜ್ಜೆ ಹಾಕಿದಾಗ ಸಾಲು ಹೀಗೆ ಸಾಗುತ್ತದೆ: 4, 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆಯಲ್ಲ, ಆದ್ದರಿಂದ 2047 ಸಂಯುಕ್ತ. ಈ ಸಾಲನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಎಲ್ಲಾದರೂ 23 ಇದೆಯೇ, 89 ಇದೆಯೇ? ಇಲ್ಲ. ಸಂಖ್ಯೆ ಒಡೆಯುತ್ತದೆ ಎಂದು ಪರೀಕ್ಷೆ ಖಚಿತವಾಗಿ ಹೇಳಿತು, ಎಲ್ಲಿ ಒಡೆಯುತ್ತದೆ ಎಂಬುದರ ಸುಳಿವನ್ನು ಮಾತ್ರ ಕೊಡಲಿಲ್ಲ.

ಚರಿತ್ರೆಯಲ್ಲೂ ಹೀಗೆಯೇ ನಡೆದಿದೆ. ಮರ್ಸೆನ್ ಪಟ್ಟಿಯ 2⁶⁷ − 1 ಸಂಯುಕ್ತವೆಂದು ಲ್ಯೂಕಾ 1876ರಲ್ಲೇ ತೋರಿಸಿದ. ಆದರೆ ಅದರ ಅಪವರ್ತನಗಳು ಅವನಿಗೂ ಗೊತ್ತಿರಲಿಲ್ಲ. 1903ರ ಅಕ್ಟೋಬರಿನಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಗಣಿತಜ್ಞ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಅವನ್ನು ಮುಂದಿಟ್ಟ: 19,37,07,721 ಮತ್ತು 7,61,83,82,57,287. ಗುಣಿಸಿದರೆ 14,75,73,95,25,89,67,64,12,927. ಗುಣಾಕಾರವನ್ನು ಸಭೆಯಲ್ಲಿ ಕೂತವರು ಅರ್ಧ ಗಂಟೆಯಲ್ಲಿ ಸರಿನೋಡಬಹುದಿತ್ತು. ಆದರೆ 'ಒಡೆಯುತ್ತದೆ' ಎಂಬ ತಿಳಿವಳಿಕೆಯಿಂದ 'ಇಲ್ಲಿ ಒಡೆಯುತ್ತದೆ' ಎಂಬಲ್ಲಿಗೆ ಬರಲು 27 ವರ್ಷ ಬೇಕಾಯಿತು.

385 ಅಂಕಿಯ ಬಂಡೆ

ಅಂಥದೇ ಒಗಟೊಂದು ಇಂದಿಗೂ ನಮ್ಮೆದುರಿಗಿದೆ. 2¹²⁷⁷ − 1ರಲ್ಲಿ 385 ಅಂಕಿಗಳಿವೆ, ಈ ಪುಟದ ನಾಲ್ಕಾರು ಸಾಲಿನಲ್ಲಿ ಬರೆದು ಮುಗಿಸಬಹುದು. ಅದು ಸಂಯುಕ್ತವೆಂದು ಪರೀಕ್ಷೆ ಹೇಳುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಅದರ ಒಂದೇ ಒಂದು ಅಪವರ್ತನವೂ ಸಿಕ್ಕಿಲ್ಲ. ಅದಕ್ಕಿಂತ ಚಿಕ್ಕ ಸಂಯುಕ್ತ ಮರ್ಸೆನ್ ಸಂಖ್ಯೆಗಳಿಗೆಲ್ಲ ಕನಿಷ್ಠ ಒಂದು ಅಪವರ್ತನವಾದರೂ ಗೊತ್ತು. ಅದರ ಪಕ್ಕದಲ್ಲೇ ಇರುವ 2¹²⁷⁹ − 1 ಅವಿಭಾಜ್ಯವೆಂದು 1952ರಲ್ಲೇ, ಲಾಸ್ ಏಂಜಲೀಸಿನ ಆರಂಭಕಾಲದ ಕಂಪ್ಯೂಟರಿನಲ್ಲಿ ರಾಫೆಲ್ ರಾಬಿನ್ಸನ್ ತೋರಿಸಿಯಾಗಿದೆ.

4.1 ಕೋಟಿ ಅಂಕಿಯದ್ದರ ಎದುರು ಈ 385 ಅಂಕಿಯದ್ದನ್ನು ಇಟ್ಟು ನೋಡಿದರೆ ವಿಷಯ ಹಗಲಿನಷ್ಟು ಸ್ಪಷ್ಟ. ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವುದು ಒಂದು ಕೆಲಸ, ಒಡೆದು ಅಪವರ್ತನ ಕಂಡುಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ ನೇರ ದಾರಿಗಳಿವೆ. ಎರಡನೆಯದಕ್ಕೆ ಈಗಿನ ಕಂಪ್ಯೂಟರುಗಳಲ್ಲಿ ಅಂಥ ದಾರಿ ಯಾರಿಗೂ ಸಿಕ್ಕಿಲ್ಲ. ಹಾಗೆಂದು ದಾರಿಯೇ ಇಲ್ಲವೆಂದೂ ಯಾರೂ ಸಾಧಿಸಿಲ್ಲ.

ಮೊದಲನೆಯ ಕೆಲಸದಲ್ಲಿ ಭಾರತದ ಪಾಲು ದೊಡ್ಡದು. 2002ರ ಆಗಸ್ಟಿನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂದು ಹೊಸ ಪರೀಕ್ಷೆ ಪ್ರಕಟಿಸಿದರು. ಮರ್ಸೆನ್ ಬಳಗದ್ದಿರಲಿ ಬೇರೆಯದಿರಲಿ, ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಅದೃಷ್ಟದ ಹಂಗಿಲ್ಲದೆ, ಸಾಧಿಸದ ಊಹೆಗಳ ಆಸರೆಯಿಲ್ಲದೆ, ಅಂಕಿಗಳ ಎಣಿಕೆಗೆ ತಕ್ಕ ಮಿತಿಯೊಳಗಿನ ಹೆಜ್ಜೆಗಳಲ್ಲಿ ತೀರ್ಮಾನಿಸಬಹುದೆಂದು ಅವರು ಸಾಧಿಸಿದರು. ಅದಕ್ಕೆ 2006ರ ಗೋಡೆಲ್ ಪ್ರಶಸ್ತಿ ಬಂತು. ಆ ಸುದ್ದಿ ಬಂದಾಗಲೂ 'ಇನ್ನು ಬ್ಯಾಂಕಿನ ಬೀಗ ಒಡೆಯಿತೇ' ಎಂಬ ಇದೇ ಆತಂಕ ಎದ್ದಿತ್ತು. ಒಡೆಯಲಿಲ್ಲ, ಏಕೆಂದರೆ ಬೀಗ ನಿಂತಿರುವುದು ಎರಡನೆಯ ಕೆಲಸದ ಕಷ್ಟದ ಮೇಲೆ.

ಬೀಗ ಕೆಲಸ ಮಾಡುವ ಬಗೆ

ರಿವೆಸ್ಟ್, ಶಮೀರ್ ಮತ್ತು ಆಡ್ಲ್‌ಮನ್ 1977ರಲ್ಲಿ ರೂಪಿಸಿದ, ಸಂದೇಶಗಳನ್ನು ಗುಟ್ಟಾಗಿಡುವ ಆರ್‌ಎಸ್‌ಎ ವಿಧಾನದಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿ ಗುಣಿಸಲಾಗುತ್ತದೆ. ಗುಣಲಬ್ಧ ಎಲ್ಲರ ಕಣ್ಣಿಗೂ ಬೀಳಬಹುದು, ಅದು ಬಾಗಿಲಿಗೆ ಹಾಕಿದ ಬೀಗದಂತೆ. ಒಳಗಿನ ಎರಡು ಅವಿಭಾಜ್ಯಗಳು ಗೊತ್ತಿದ್ದವರ ಬಳಿ ಮಾತ್ರ ಕೀಲಿಕೈ ಇರುತ್ತದೆ. ಈಗ ವ್ಯಾಪಕವಾಗಿ ಬಳಸುವ, ದ್ವಿಮಾನದಲ್ಲಿ 2048 ಸ್ಥಾನ ಹಿಡಿಯುವ, ಅಂದರೆ 2048 ಬಿಟ್‌ಗಳ ಗುಣಲಬ್ಧದಲ್ಲಿ 617 ಅಂಕಿಗಳಿರುತ್ತವೆ, ಒಳಗಿನ ಒಂದೊಂದು ಅವಿಭಾಜ್ಯದಲ್ಲಿ ಮುನ್ನೂರು ಚಿಲ್ಲರೆ.

ಇಲ್ಲಿಗೆ 4.1 ಕೋಟಿ ಅಂಕಿಯದ್ದನ್ನು ತಂದರೆ ಏನು ಪ್ರಯೋಜನ? ಏನೂ ಇಲ್ಲ. ಕೀಲಿಯ ಜೀವ ಇರುವುದು ಗುಟ್ಟಿನಲ್ಲಿ, ಪತ್ರಿಕೆಯಲ್ಲಿ ಅಚ್ಚಾದ ಸಂಖ್ಯೆ ಗುಟ್ಟಲ್ಲ. ಅದನ್ನು ಸೇರಿಸಿ ಮಾಡಿದ ಬೀಗವನ್ನು ಯಾರು ಬೇಕಾದರೂ ಒಂದು ಭಾಗಾಕಾರದಲ್ಲಿ ತೆರೆಯಬಹುದು. ಕಳ್ಳನಿಗೂ ಇದರಿಂದ ಲಾಭವಿಲ್ಲ. 617 ಅಂಕಿಯ ಸಂಖ್ಯೆಗೆ 4.1 ಕೋಟಿ ಅಂಕಿಯ ಅಪವರ್ತನ ಇರಲು ಸಾಧ್ಯವೇ ಇಲ್ಲ.

ಅವಿಭಾಜ್ಯಗಳಿಗೆ ಕೊರತೆಯಿದೆ, ಆದ್ದರಿಂದ ಹೊಸದನ್ನು ಹುಡುಕುತ್ತಿದ್ದಾರೆ ಎಂಬ ಊಹೆಯೂ ಸರಿಯಲ್ಲ. 1024 ಬಿಟ್‌ಗಳ ಸಂಖ್ಯೆಗಳಲ್ಲಿ ಸುಮಾರು 700ಕ್ಕೆ ಒಂದರಂತೆ ಅವಿಭಾಜ್ಯಗಳಿವೆ. ಕಂಪ್ಯೂಟರು ಮನಬಂದಂತೆ ಬೆಸ ಸಂಖ್ಯೆಯೊಂದನ್ನು ಎತ್ತಿಕೊಂಡು ಪರೀಕ್ಷಿಸುತ್ತದೆ, ಅಲ್ಲದಿದ್ದರೆ ಇನ್ನೊಂದು. ಸರಾಸರಿ ಮುನ್ನೂರೈವತ್ತು ಪ್ರಯತ್ನದಲ್ಲಿ ಒಂದು ಸಿಗುತ್ತದೆ, ಕೆಲವೇ ಕ್ಷಣಗಳ ಕೆಲಸ.

ಒಡೆಯುವ ಕಡೆಯ ಲೆಕ್ಕ ಹೀಗಿದೆ. 1977ರಲ್ಲಿ ಸವಾಲಾಗಿ ಪ್ರಕಟವಾದ 129 ಅಂಕಿಯ ಸಂಖ್ಯೆಯನ್ನು 1994ರಲ್ಲಿ ಸುಮಾರು 600 ಸ್ವಯಂಸೇವಕರ ನೆರವಿನಿಂದ ಒಡೆಯಲಾಯಿತು. 250 ಅಂಕಿಯದ್ದು 2020ರ ಫೆಬ್ರವರಿಯಲ್ಲಿ ಒಡೆಯಿತು. ಅದಕ್ಕೆ ಹಿಡಿದ ಶ್ರಮವನ್ನು ಒಂದೇ ಪ್ರೊಸೆಸರ್ ಕೋರ್ ಮಾಡಬೇಕಿದ್ದರೆ ಸುಮಾರು 2,700 ವರ್ಷ ಬೇಕಿತ್ತು. ಅಂಕಿ ಹೆಚ್ಚಿದಂತೆಲ್ಲ ಕಷ್ಟ ವಿಪರೀತವಾಗಿ ಬೆಳೆಯುತ್ತದೆ. 617 ಅಂಕಿಯದ್ದು ಈ ದಾರಿಗೆ ಎಟುಕುವಂಥದ್ದಲ್ಲ.

ಆತಂಕಪಡಬೇಕಾದ ಸುದ್ದಿ ಬೇರೆ

ಅಪಾಯ ಬರುವುದಿದ್ದರೆ ಕ್ವಾಂಟಮ್ ಕಂಪ್ಯೂಟರುಗಳಿಂದ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರವಿದ್ದರೆ ಅಪವರ್ತನ ಹುಡುಕುವುದು ಕಷ್ಟವಲ್ಲವೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅಂಥ ಯಂತ್ರ ಇನ್ನೂ ಆಗಿಲ್ಲ. ಆದರೆ ಅದಕ್ಕೆ ಎಷ್ಟು ದೊಡ್ಡ ಯಂತ್ರ ಬೇಕೆಂಬ ಅಂದಾಜು ಇಳಿಯುತ್ತಿದೆ. 2048 ಬಿಟ್‌ಗಳ ಬೀಗಕ್ಕೆ ಎರಡು ಕೋಟಿ ಕ್ಯೂಬಿಟ್, ಅಂದರೆ ಕ್ವಾಂಟಮ್ ಯಂತ್ರದ ಬಿಟ್, ಬೇಕೆಂದು ಸಂಶೋಧಕ ಕ್ರೇಗ್ ಗಿಡ್ನಿ ಮತ್ತು ಅವರ ಸಹೋದ್ಯೋಗಿ 2019ರಲ್ಲಿ ಲೆಕ್ಕ ಹಾಕಿದ್ದರು. 2025ರ ಮೇ ತಿಂಗಳಲ್ಲಿ ಗಿಡ್ನಿ ಅವರೇ ಅದನ್ನು ಹತ್ತು ಲಕ್ಷಕ್ಕಿಂತ ಕೆಳಗೆ ಇಳಿಸಿದರು. ಯಂತ್ರ ಬೆಳೆಯದೆಯೇ, ಗಣಿತ ಹರಿತವಾದದ್ದರಿಂದಲೇ ಅಪಾಯ ಇಷ್ಟು ಹತ್ತಿರ ಸರಿದಿದೆ.

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟಿನಲ್ಲಿ ಅಪವರ್ತನದ ಕಷ್ಟವನ್ನು ನೆಚ್ಚಿಕೊಳ್ಳದ ಮೂರು ಹೊಸ ಮಾನಕಗಳನ್ನು ಪ್ರಕಟಿಸಿತು. ಈಗಿನ ಆರ್‌ಎಸ್‌ಎಯನ್ನು 2035ರ ನಂತರ ಪೂರ್ತಿ ಕೈಬಿಡಬೇಕೆಂದು ಅದೇ ವರ್ಷದ ಕರಡಿನಲ್ಲಿ ಸೂಚಿಸಿತು. ಇಂದು ಕದ್ದು ಕೂಡಿಟ್ಟ ಗುಟ್ಟಿನ ಕಡತಗಳನ್ನು ಮುಂದೊಂದು ದಿನ ತೆರೆಯಬಹುದು ಎಂಬ ಭಯವೇ ಈ ಅವಸರಕ್ಕೆ ಕಾರಣ. ಸಾಮಾನ್ಯರ ಬದುಕಿಗೆ ತಟ್ಟುವ ಸುದ್ದಿ ಇದು. 4.1 ಕೋಟಿ ಅಂಕಿಯ ಸುದ್ದಿಗೆ ಸಿಕ್ಕ ಜಾಗದ ಕಾಲುಭಾಗವಾದರೂ ಇದಕ್ಕೆ ಸಿಗಬೇಕಿತ್ತು.

ಕರೆಂಟು ದಂಡವೇ?

ಹಾಗಾದರೆ ಈ ಹುಡುಕಾಟ ಯಾತಕ್ಕೆ? ವಿರೋಧಿಸುವವರ ವಾದ ನೇರವಾಗಿದೆ: ಇಷ್ಟು ದೊಡ್ಡ ಅವಿಭಾಜ್ಯಕ್ಕೆ ಯಾವ ಬಳಕೆಯೂ ಇಲ್ಲ. ಡ್ಯುರಾಂಟ್ 17 ದೇಶಗಳ ಡೇಟಾ ಸೆಂಟರುಗಳಲ್ಲಿ ಸಾವಿರಾರು ಜಿಪಿಯುಗಳನ್ನು, ಅಂದರೆ ಏಕಕಾಲಕ್ಕೆ ಅನೇಕ ಲೆಕ್ಕ ಮಾಡಬಲ್ಲ ಚಿಪ್ಪುಗಳನ್ನು, ದುಡಿಸಿದರು. ಸಿಗುವ ಬಹುಮಾನ 3,000 ಡಾಲರ್, ಅದನ್ನೂ ಅವರು ತಾವು ಓದಿದ ಅಲಬಾಮಾದ ಶಾಲೆಗೆ ಕೊಡುವುದಾಗಿ ಹೇಳಿದರು. ಅದೇ ವಿದ್ಯುತ್ತನ್ನು ಔಷಧ ಸಂಶೋಧನೆಗೋ ಹವಾಮಾನದ ಲೆಕ್ಕಕ್ಕೋ ಬಳಸಬಹುದಿತ್ತು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇನ್ನೊಂದು ಪಕ್ಷದ ಬಳಿ ಇರುವುದು ಅನುಭವದ ಸಾಕ್ಷ್ಯ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯಗಳ, ಅಂದರೆ 11 ಮತ್ತು 13ರಂತೆ ಎರಡರ ಅಂತರದ ಜೋಡಿಗಳ, ಲೆಕ್ಕ ಮಾಡುತ್ತಿದ್ದಾಗ ಉತ್ತರ ಹೊಂದಲಿಲ್ಲ. ಬೆನ್ನು ಹತ್ತಿ ಹೋದಾಗ ತಪ್ಪಿದ್ದದ್ದು ಇಂಟೆಲ್‌ನ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿ. ಕಂಪನಿ ಚಿಪ್ಪುಗಳನ್ನು ಬದಲಿಸಿಕೊಡಲು 47.5 ಕೋಟಿ ಡಾಲರ್ ಬದಿಗಿಡಬೇಕಾಯಿತು. 2016ರಲ್ಲಿ ಮರ್ಸೆನ್ ಅವಿಭಾಜ್ಯ ಹುಡುಕುವ ಪ್ರೈಮ್95 ತಂತ್ರಾಂಶ ಓಡಿಸುವಾಗಲೇ ಇಂಟೆಲ್‌ನ ಸ್ಕೈಲೇಕ್ ಚಿಪ್ಪುಗಳ ದೋಷವೂ ಹೊರಬಿತ್ತು. ಕೋಟಿಗಟ್ಟಲೆ ಹೆಜ್ಜೆಗಳಲ್ಲಿ ಒಂದು ಬಿಟ್ ತಪ್ಪಿದರೂ ಉತ್ತರವೆಲ್ಲ ಕೆಡುವ ಇಂಥ ಲೆಕ್ಕ ಚಿಪ್ಪಿಗೆ ತುಂಬ ಕಠಿಣವಾದ ಪರೀಕ್ಷೆ.

ಇದರ ಜೊತೆಗೆ ಶುದ್ಧ ಗಣಿತದ ಫಲವೊಂದಿದೆ. 6ನ್ನು ಬಿಟ್ಟು ಅದರ ಉಳಿದ ಅಪವರ್ತನಗಳಾದ 1, 2, 3 ಕೂಡಿದರೆ 6 ಬರುತ್ತದೆ, 28ರಲ್ಲೂ ಹಾಗೆಯೇ. ಇವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮರ್ಸೆನ್ ಅವಿಭಾಜ್ಯದಿಂದಲೂ ಒಂದು ಸಮ ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ ಎಂದು ಯೂಕ್ಲಿಡ್ ತೋರಿಸಿದ. ಬೇರಾವ ದಾರಿಯಿಂದಲೂ ಸಮ ಪರಿಪೂರ್ಣ ಸಂಖ್ಯೆ ಹುಟ್ಟದು ಎಂದು ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಸಾಧಿಸಿದ. ಹಾಗಾಗಿ ಅಕ್ಟೋಬರಿನಲ್ಲಿ ಸಿಕ್ಕದ್ದು ಒಂದಲ್ಲ, ಎರಡು. 8,20,48,640 ಅಂಕಿಗಳ ಹೊಸ ಪರಿಪೂರ್ಣ ಸಂಖ್ಯೆಯೂ ಅಂದೇ ಸಿಕ್ಕಿತು. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಎಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ.

ಮನೆಯ ಕಂಪ್ಯೂಟರಿನ ಪಾಲು

ಈ ಹುಡುಕಾಟವನ್ನು ನಡೆಸುತ್ತಿರುವುದು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರುಮಾಡಿದ ಜಿಂಪ್ಸ್ ಎಂಬ ಸ್ವಯಂಸೇವಕರ ಕೂಟ. 28 ವರ್ಷ ಅದರ ದಾಖಲೆಗಳೆಲ್ಲ ಸಾಮಾನ್ಯ ಕಂಪ್ಯೂಟರುಗಳಿಂದಲೇ ಬಂದವು. ಈ ಬಾರಿ ಡಬ್ಲಿನ್‌ನ ಡೇಟಾ ಸೆಂಟರಿನಲ್ಲಿದ್ದ ಒಂದು ಎನ್‌ವಿಡಿಯಾ ಜಿಪಿಯು ಅಕ್ಟೋಬರ್ 11ರಂದು 'ಬಹುಶಃ ಅವಿಭಾಜ್ಯ' ಎಂದಿತು. ಮರುದಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಇನ್ನೊಂದು ಜಿಪಿಯು, ಮೇಲೆ 31ಕ್ಕೆ ಮಾಡಿ ತೋರಿಸಿದ ಅದೇ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿತು. ಅಲ್ಲಿ ಮೂರು ಹೆಜ್ಜೆ ಸಾಕಾಗಿತ್ತು, ಇಲ್ಲಿ 13,62,79,839 ಹೆಜ್ಜೆ. ಮುಂದೆ ದಾಖಲೆಗಳು ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಪಡೆಯಬಲ್ಲವರ ಪಾಲಾಗುವ ಸಾಧ್ಯತೆ ಹೆಚ್ಚು. ಹತ್ತು ಕೋಟಿ ಅಂಕಿಯ ಅವಿಭಾಜ್ಯಕ್ಕೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಘೋಷಿಸಿರುವ 1,50,000 ಡಾಲರ್ ಬಹುಮಾನ ಇನ್ನೂ ಯಾರ ಕೈಗೂ ಸಿಕ್ಕಿಲ್ಲವಾದ್ದರಿಂದ ಪೈಪೋಟಿ ನಿಲ್ಲುವುದೂ ಇಲ್ಲ.

ಆದರೂ ಮನೆಯ ಕಂಪ್ಯೂಟರಿಗೆ ಕೆಲಸ ಮುಗಿದಿಲ್ಲ. ಹೊಸದನ್ನು '52ನೆಯ ಮರ್ಸೆನ್ ಅವಿಭಾಜ್ಯ' ಎಂದು ಬರೆದ ಕಡೆಯೆಲ್ಲ 'ಗೊತ್ತಿರುವವುಗಳಲ್ಲಿ' ಎಂದು ಸೇರಿಸಿ ಓದಬೇಕು. ನಡುವಿನ ಘಾತಾಂಕಗಳನ್ನೆಲ್ಲ ಎರಡೆರಡು ಬಾರಿ ಪರೀಕ್ಷಿಸಿ ಮುಗಿದಿಲ್ಲವಾದ್ದರಿಂದ, ಬಿಟ್ಟುಹೋದದ್ದು ಅಲ್ಲೆಲ್ಲೋ ಇರಬಹುದು. ಹಾಗೆ ಆದದ್ದುಂಟು. 2008ರ ಆಗಸ್ಟಿನಲ್ಲಿ 2⁴³¹¹²⁶⁰⁹ − 1 ಸಿಕ್ಕಿತು. ಕೆಲವೇ ವಾರಗಳಲ್ಲಿ ಅದಕ್ಕಿಂತ ಚಿಕ್ಕದಾದ 2³⁷¹⁵⁶⁶⁶⁷ − 1 ಸಿಕ್ಕಿತು, ಮರುವರ್ಷ ಅವೆರಡರ ನಡುವಿನ 2⁴²⁶⁴³⁸⁰¹ − 1. ಆ ಎರಡೂ ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಸಾಲಿನ ನಡುವೆಯೇ ಕೂತಿದ್ದವು.